ಹೊರಗೆ ತೆರೆದ ಪೋರ್ಟ್ ಒಳಗಿನಿಂದಲೂ ತೆರೆಯಬೇಕು: ನನ್ನ ನ್ಯಾಟ್ ಅನುಭವ

ಲಿನಕ್ಸ್ ಹಾಕಿದ ಪುಟ್ಟ ಕಂಪ್ಯೂಟರನ್ನೇ ನಾನು ರೌಟರ್ ಮಾಡಿಕೊಂಡಿದ್ದೇನೆ. ರೌಟರ್ ದಾಟುವ ಪ್ಯಾಕೆಟ್‌ಗಳ (ದತ್ತಾಂಶದ ತುಣುಕುಗಳ) ವಿಳಾಸ ಬದಲಿಸುವ ಕೆಲಸವೇ ನ್ಯಾಟ್. ಒಂದು ಈಥರ್ನೆಟ್ ಪೋರ್ಟ್ ಇಂಟರ್ನೆಟ್ ಕಡೆಗೆ, ಇನ್ನೊಂದು ಒಳಗಿನ ಸ್ವಿಚ್‌ಗೆ. ಒಳಗೆ ಕೊಟ್ಟಿದ್ದು 192.168.10.0/24, ಅಂದರೆ 192.168.10ರಿಂದ ಶುರುವಾಗುವ ವಿಳಾಸಗಳು; ಅದರಲ್ಲಿ ರೌಟರ್‌ನದು 192.168.10.1. 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆ ಖಾಸಗಿ ಜಾಲಗಳಿಗೆಂದು ಎತ್ತಿಟ್ಟ ವಿಳಾಸಗಳಲ್ಲಿ ಇದೂ ಸೇರಿದೆ.

ಹೊರಹೋಗುವ ದಾರಿ ಸುಲಭ. ಐಪಿ ಫಾರ್ವರ್ಡಿಂಗ್ (ಒಂದು ಕಡೆಯಿಂದ ಬಂದ ಪ್ಯಾಕೆಟನ್ನು ಇನ್ನೊಂದು ಕಡೆಗೆ ದಾಟಿಸುವುದು) ಆನ್ ಮಾಡಿ, ಲಿನಕ್ಸ್‌ನ ಪ್ಯಾಕೆಟ್ ನಿಯಮಗಳ ಸಾಧನವಾದ ಎನ್‌ಎಫ್‌ಟೇಬಲ್ಸ್‌ನ ಪೋಸ್ಟ್‌ರೌಟಿಂಗ್ ಚೈನ್‌ನಲ್ಲಿ (ಪ್ಯಾಕೆಟ್ ಹೊರಡುವ ಮುನ್ನ ನೋಡುವ ನಿಯಮಗಳ ಸರಣಿ) ಹೊರಗಿನ ಇಂಟರ್‌ಫೇಸ್‌ಗೆ ಒಂದು ಮಾಸ್ಕರೇಡ್ ನಿಯಮ ಬರೆದೆ. ಅದು ಕಳಿಸಿದವರ ವಿಳಾಸದ ಜಾಗದಲ್ಲಿ ಪ್ಯಾಕೆಟ್ ಹೊರಡುವ ಇಂಟರ್‌ಫೇಸ್‌ನ ಆಗಿನ ವಿಳಾಸವನ್ನು ಹಾಕುತ್ತದೆ. ನನ್ನ ಹೊರವಿಳಾಸ ಬದಲಾಗುತ್ತಿರುತ್ತದೆ, ಅದಕ್ಕೇ ಮಾಸ್ಕರೇಡ್. ಸ್ಥಿರ ವಿಳಾಸವಿದ್ದರೆ ಅದನ್ನೇ ನಿಯಮದಲ್ಲಿ ಬರೆದಿಡುವ ಎಸ್‌ನ್ಯಾಟ್ ಸಾಕು.

ಪೋರ್ಟ್ ಫಾರ್ವರ್ಡಿಂಗ್‌ಗೆ, ಅಂದರೆ ಹೊರಗಿನಿಂದ ಒಂದು ಪೋರ್ಟ್ ಸಂಖ್ಯೆಗೆ ಬಂದದ್ದನ್ನು ಒಳಗಿನ ಯಂತ್ರಕ್ಕೆ ಕಳಿಸುವುದಕ್ಕೆ, ಕೈಹಾಕುವ ಮೊದಲು ಹೊರಗಿನ ಇಂಟರ್‌ಫೇಸ್‌ಗೆ ಯಾವ ವಿಳಾಸ ಬಂದಿದೆಯೆಂದು ನೋಡಿದೆ. ಅದು 100.64.0.0ರಿಂದ 100.127.255.255ರ ನಡುವೆ ಇದ್ದರೆ ಸೇವೆ ಕೊಡುವವರೇ ಆಚೆ ಇನ್ನೊಂದು ನ್ಯಾಟ್ ಇಟ್ಟಿದ್ದಾರೆ ಎಂದರ್ಥ. ಆಗ ನಮ್ಮ ರೌಟರ್‌ನಲ್ಲಿ ಏನೇ ಬರೆದರೂ ಹೊರಗಿನ ಪ್ಯಾಕೆಟ್ ನಮ್ಮವರೆಗೆ ಬರುವುದೇ ಇಲ್ಲ. ನನ್ನದು ಸಾರ್ವಜನಿಕ ವಿಳಾಸವೇ ಆಗಿತ್ತು. ಪ್ರೀರೌಟಿಂಗ್‌ನಲ್ಲಿ (ಪ್ಯಾಕೆಟ್ ಬಂದ ಕೂಡಲೇ ನೋಡುವ ಸರಣಿ) ಡಿನ್ಯಾಟ್ (ತಲುಪಬೇಕಾದ ವಿಳಾಸ ಬದಲಿಸುವ ನಿಯಮ) ಬರೆದು, ಸುರಕ್ಷಿತ ವೆಬ್‌ಸೈಟ್‌ಗಳ 443ನೇ ಪೋರ್ಟನ್ನು 192.168.10.5ರ ಸರ್ವರ್‌ಗೆ ತಿರುಗಿಸಿದೆ, ಫಾರ್ವರ್ಡ್ ಚೈನ್‌ನಲ್ಲಿ ಅದಕ್ಕೆ ಅನುಮತಿಯನ್ನೂ ಕೊಟ್ಟೆ. ನ್ಯಾಟ್ ಇದೆಯೆಂದು ಫೈರ್‌ವಾಲ್ ಬಿಡಬಾರದು. ಎರಡೂ ಬೇರೆ ಬೇರೆ ಕೆಲಸ.

ಹೊರಗಿನಿಂದ ಸೈಟ್ ತೆರೆಯಿತು. ಒಳಗಿನಿಂದ ಅದೇ ಹೆಸರು ಹೊಡೆದರೆ ಇಲ್ಲ. ನ್ಯಾಟ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ಪಾಠ ಇದು. ಒಳಗಿನ ಒಂದು ಕಂಪ್ಯೂಟರ್, 192.168.10.20, ನಮ್ಮ ಹೊರವಿಳಾಸಕ್ಕೆ ಪ್ಯಾಕೆಟ್ ಕಳಿಸುತ್ತದೆ. ಡಿನ್ಯಾಟ್ ತಲುಪಬೇಕಾದ ವಿಳಾಸವನ್ನಷ್ಟೇ ಬದಲಿಸುತ್ತದೆ, ಕಳಿಸಿದವರ ವಿಳಾಸ .20 ಆಗಿಯೇ ಉಳಿಯುತ್ತದೆ. .20 ತನ್ನ ಪಕ್ಕದಲ್ಲೇ ಇದೆಯೆಂದು ಸರ್ವರ್ ರೌಟರ್‌ಗೆ ಮರಳದೆ ಸ್ವಿಚ್ ಮೂಲಕ ನೇರ ಉತ್ತರಿಸುತ್ತದೆ. ಪತ್ರ ಬರೆದದ್ದು ಒಬ್ಬರಿಗೆ, ಉತ್ತರ ಬಂದದ್ದು ಇನ್ನೊಬ್ಬರಿಂದ; .20 ಅದನ್ನು ತಿರಸ್ಕರಿಸುತ್ತದೆ.

ಇದಕ್ಕೆ ಹೇರ್‌ಪಿನ್ ನ್ಯಾಟ್ ಬೇಕು: ಒಳಗಿನಿಂದ ಬಂದ ಪ್ಯಾಕೆಟನ್ನು ರೌಟರ್ ಮತ್ತೆ ಒಳಗೇ ತಿರುಗಿಸುವುದು. ಡಿನ್ಯಾಟ್ ನಿಯಮವನ್ನು ಹೊರಗಿನ ಇಂಟರ್‌ಫೇಸ್‌ಗೆ ಕಟ್ಟಿಹಾಕದೆ, ರೌಟರ್‌ನ ಒಳವಿಳಾಸ ಬಿಟ್ಟು ಉಳಿದ ಸ್ವಂತ ವಿಳಾಸಗಳಿಗೆ ಅನ್ವಯಿಸಿದೆ. ಜೊತೆಗೆ ಒಳಜಾಲದಿಂದ ಹೊರಟು ಇದೇ ಸರ್ವರ್‌ಗೆ ಹೋಗುವ ಪ್ಯಾಕೆಟ್‌ಗಳಿಗೆ ಇನ್ನೊಂದು ಮಾಸ್ಕರೇಡ್. ಆಗ ಉತ್ತರ ರೌಟರ್‌ಗೇ ಮರಳಿ, ಅಲ್ಲಿಂದ ಸರಿಯಾದ ವಿಳಾಸ ಹೊತ್ತು .20ಕ್ಕೆ ಹೋಗುತ್ತದೆ. ಇದಕ್ಕೊಂದು ಬೆಲೆಯಿದೆ: ಸರ್ವರ್‌ನ ಲಾಗ್‌ನಲ್ಲಿ ಒಳಗಿನವರೆಲ್ಲ 192.168.10.1 ಆಗಿ ಕಾಣುತ್ತಾರೆ. ಯಾರು ಬಂದರೆಂದು ತಿಳಿಯಲೇಬೇಕಾದವರು ಒಳಗಿನ ಡಿಎನ್‌ಎಸ್‌ನಲ್ಲಿ (ಹೆಸರಿಗೆ ವಿಳಾಸ ಹೇಳುವ ಸೇವೆ) ಆ ಹೆಸರಿಗೆ ನೇರವಾಗಿ 192.168.10.5 ಕೊಡುವುದೇ ಒಳ್ಳೆಯದು.

ಪರೀಕ್ಷಿಸುವಾಗ ನಾನು ನಂಬುವುದು ಕಾನ್‌ಟ್ರ್ಯಾಕ್ ಪಟ್ಟಿಯನ್ನು, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಇಟ್ಟುಕೊಳ್ಳುವ ಸಂಪರ್ಕಗಳ ಪಟ್ಟಿಯನ್ನು. ಪ್ರತಿ ಸಂಪರ್ಕಕ್ಕೂ ಹೋಗುವ ವಿಳಾಸಗಳ ಜೋಡಿ, ಬರುವ ವಿಳಾಸಗಳ ಜೋಡಿ ಎರಡೂ ಒಂದೇ ಸಾಲಿನಲ್ಲಿರುತ್ತವೆ, ಬರುವ ಜೋಡಿಯಲ್ಲಿ .5 ಮತ್ತು .1 ಕಂಡರೆ ಹೇರ್‌ಪಿನ್ ಕೆಲಸ ಮಾಡುತ್ತಿದೆ. ನ್ಯಾಟ್ ನಿಯಮಗಳನ್ನು ಕರ್ನಲ್ ಓದುವುದು ಸಂಪರ್ಕದ ಮೊದಲ ಪ್ಯಾಕೆಟ್‌ಗೆ ಮಾತ್ರ. ಸ್ಥಾಪಿತ ಟಿಸಿಪಿ ಸಂಪರ್ಕ ಸುಮ್ಮನಿದ್ದರೂ ಪೂರ್ವನಿಯೋಜಿತವಾಗಿ 4,32,000 ಸೆಕೆಂಡು, ಅಂದರೆ 5 ದಿನ, ಪಟ್ಟಿಯಲ್ಲಿ ಉಳಿಯುತ್ತದೆ. ಆದ್ದರಿಂದ ನಿಯಮ ಬದಲಿಸಿದ ಮೇಲೆ ಹಳೆಯ ನಮೂದುಗಳನ್ನು ಅಳಿಸಿಯೇ ಮತ್ತೆ ಪರೀಕ್ಷಿಸುತ್ತೇನೆ.