ನಿಮ್ಮ ಭರಣಿಯ ಕತೆ ನೀವೇ ಹೇಳಿ

ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಬಾಟಲಿಗಳನ್ನು ಸಾಲಾಗಿ ಇಟ್ಟ ಅಂಗಡಿ ಮುಂದೆ ಒಮ್ಮೆ ನಿಂತು ನೋಡಿ. ‘ಮನೆ ರುಚಿ’, ‘ಪರಿಶುದ್ಧ’, ‘ಸಾಂಪ್ರದಾಯಿಕ’. ಸುಮಾರು ಎಲ್ಲದರ ಮೇಲೂ ಇವೇ ಮಾತು. ಶಿವಮೊಗ್ಗ ಜಿಲ್ಲೆಯ ರಿಪ್ಪನ್‌ಪೇಟೆ ಹತ್ತಿರ ಇರುವ ನನ್ನ ಚಿಕ್ಕಮ್ಮ ಉಪ್ಪಿನಕಾಯಿ ಮಾರಲು ಶುರು ಮಾಡಿದಾಗ ಲೇಬಲ್ ಬರೆದುಕೊಟ್ಟವನು ನಾನು. ನಾನೂ ಇದನ್ನೇ ಬರೆದೆ. ಚಿಕ್ಕಮ್ಮನದ್ದೇ ಅನ್ನುವ ಕತೆ ಅದರಲ್ಲಿ ಇರಲಿಲ್ಲ, ಬಾಟಲಿ ಗುಂಪಿನಲ್ಲಿ ಕಳೆದುಹೋಯಿತು.

ಮುಂದಿನ ಮಿಡಿ ಕಾಲಕ್ಕೆ ಅವರ ಅಡುಗೆಮನೆಯಲ್ಲಿ ಕೂತು ಕೆಲಸ ನೋಡಿದೆ. ಒಂದೊಂದೇ ಮಿಡಿ ಎತ್ತಿ ತೊಟ್ಟು ನೋಡುತ್ತಿದ್ದರು. ತೊಟ್ಟು ಕಳಚಿದ್ದು ಬೇರೆ ಬುಟ್ಟಿಗೆ. ಯಾಕೆ ಅಂತ ಕೇಳಿದೆ. “ತೊಟ್ಟು ಹೋದ್ರೆ ಸೊನೆ ಹೋಯ್ತು. ಸೊನೆ ಹೋದ್ಮೇಲೆ ಪರಿಮಳ ಎಲ್ಲಿಂದ ಬರ್ಬೇಕು ಮಾರಾಯ?” ಅಂದರು. ನಾನು ಹುಡುಕಬೇಕಾಗಿದ್ದ ಕತೆ ಅದೇ ಆಗಿತ್ತು.

ಹಾಗಾಗಿ ಮೊದಲ ಹೆಜ್ಜೆ ಬರೆಯುವುದಲ್ಲ, ಕೇಳುವುದು. ಕೆಲಸ ಮಾಡುವವರ ಪಕ್ಕ ಕೂತು, ಅವರ ಒಪ್ಪಿಗೆ ಕೇಳಿ, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ. ಕೆಲಸ ನಿಮ್ಮದೇ ಆದರೆ ಮನೆಯವರೊಬ್ಬರಿಗೆ ಪ್ರಶ್ನೆ ಕೇಳಲು ಹೇಳಿ. ಮೂರು ಪ್ರಶ್ನೆ ಸಾಕು. ಬೇರೆಯವರು ಬಿಟ್ಟರೂ ನೀವು ಬಿಡದ ಕೆಲಸ ಯಾವುದು? ಯಾವ ಮಾಲನ್ನು ಮಾರದೆ ಬದಿಗಿಡುತ್ತೀರಿ? ಮೊದಲ ಸಲ ಎಲ್ಲಿ ಎಡವಿದಿರಿ? ಉತ್ತರವನ್ನು ಆಡಿದ ಹಾಗೇ ಬರೆದುಕೊಳ್ಳಿ. ಪುಸ್ತಕದ ಭಾಷೆಗೆ ತಿದ್ದಲು ಹೋದರೆ ಜೀವ ಹೋಗುತ್ತದೆ.

ಆಮೇಲೆ ಅದರಲ್ಲಿ ಇಕ್ಕಟ್ಟು ಎಲ್ಲಿದೆ ಅಂತ ಹುಡುಕಿ. ಇಕ್ಕಟ್ಟಿಲ್ಲದ ಕತೆಯನ್ನು ಯಾರೂ ಇನ್ನೊಬ್ಬರಿಗೆ ಹೇಳುವುದಿಲ್ಲ. ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. ಮೊದಲ ಮಹಾಯುದ್ಧ ಬಂದು ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಿತು. ರಾಶಿ ಬಿದ್ದ ಮರವನ್ನು ಏನು ಮಾಡುವುದು? 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಆ ಎಣ್ಣೆಯಿಂದ ಸೋಪು ಹುಟ್ಟಿತು. 1944ರಲ್ಲಿ ನಮ್ಮ ಶಿವಮೊಗ್ಗಕ್ಕೂ ಗಂಧದೆಣ್ಣೆ ಕಾರ್ಖಾನೆ ಬಂತು. ಲಿಜ್ಜತ್ ಹಪ್ಪಳದ್ದೂ ಹಾಗೇ. 1959ರಲ್ಲಿ ಮುಂಬೈನ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಲು ಕೂತರು. ‘ಸ್ವಲ್ಪ ಸಾಲ’ ಅಂದಿದ್ದರೆ ನೆನಪಿರುತ್ತಿರಲಿಲ್ಲ, 80 ರೂಪಾಯಿ ನೆನಪಿರುತ್ತದೆ.

ಮೂರನೆಯದು, ನಾಲ್ಕೈದು ವಾಕ್ಯಕ್ಕೆ ಇಳಿಸುವುದು. ಲೇಬಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು, ತೂಕ, ಬೆಲೆ, ತಯಾರಾದ ದಿನ ಎಲ್ಲ ಇರಲೇಬೇಕು. ಕತೆಗೆ ಉಳಿಯುವುದು ಅಂಗೈಯಷ್ಟು ಜಾಗ. ಚಿಕ್ಕಮ್ಮನ ಎರಡನೇ ಲೇಬಲ್ ಹೀಗಾಯಿತು:

“ಈ ಮಿಡಿ ಹೊಳೆದಂಡೆಯ ಮರದ್ದು. ನೆಲಕ್ಕೆ ಬಿದ್ದರೆ ಪೆಟ್ಟಾಗಿ ಕೊಳೆಯುತ್ತದೆ ಅಂತ, ಮರ ಹತ್ತಿದವರು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಸಿಕೊಡುತ್ತಾರೆ. ತೊಟ್ಟು ಕಳಚಿದ್ದನ್ನು ನಾವು ಭರಣಿಗೆ ಹಾಕುವುದಿಲ್ಲ. ಮುಚ್ಚಳ ತೆಗೆದಾಗ ಬರುವ ಪರಿಮಳ ಸೊನೆಯದ್ದು.”

ಶುದ್ಧ ಅನ್ನುವ ಪದವೇ ಇಲ್ಲಿಲ್ಲ, ಅಲ್ವಾ? ಆದರೂ ಓದಿದವರಿಗೆ ನಂಬಿಕೆ ಬರುತ್ತದೆ. ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ಹೆಸರು ತೆಗೆದು ಪಕ್ಕದ ಅಂಗಡಿಯವರ ಹೆಸರು ಹಾಕಿದರೂ ಆ ಮಾತು ಹೊಂದಿದರೆ ಅದು ಇನ್ನೂ ನಿಮ್ಮ ಕತೆ ಆಗಿಲ್ಲ. ಹರಿದು ಹಾಕಿ, ಮತ್ತೆ ಬರೆಯಿರಿ.

ಮಾರುವುದು ವಸ್ತುವಲ್ಲ, ನಿಮ್ಮ ಕೈಕೆಲಸ ಅನ್ನುವುದಾದರೂ ದಾರಿ ಇದೇ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಬೋರ್ಡೊ ದ್ರಾವಣ ಹೊಡೆಯುವ ಹುಡುಗನನ್ನು ನೆನೆಸಿಕೊಳ್ಳಿ. ‘ಅನುಭವಿ ಕೆಲಸಗಾರ’ ಅಂತ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದರೆ ಯಾರು ಕರೆಯುತ್ತಾರೆ? ಕೊಳೆರೋಗಕ್ಕೆ ಒಮ್ಮೆ ಬೆಳೆ ಕಳೆದುಕೊಂಡ ತೋಟದವರಿಗೆ ಬೇಕಾಗಿರುವುದು ದ್ರಾವಣ ಸರಿಯಾಗಿದೆ ಅನ್ನುವ ಧೈರ್ಯ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿ ಆದ ಮೇಲೆ ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇದನ್ನು ಅವನು ತೋಟದವರ ಎದುರೇ ಮಾಡಿ, ಆ ಚಾಕುವಿನ ಫೋಟೊ ಹಾಕಿ, ‘ಚಾಕು ಕೆಂಪಾದರೆ ನಾನು ಪಂಪ್ ಮುಟ್ಟುವುದಿಲ್ಲ’ ಅಂತ ಕೆಳಗೆ ಬರೆಯಲಿ. ಅವನನ್ನು ಜನ ಗುರುತು ಹಿಡಿಯುವುದು ಆ ಒಂದು ಸಾಲಿನಿಂದ.

ಎಲ್ಲಿ ಹೇಳಬೇಕು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಲೇಬಲ್, ಸ್ಟೇಟಸ್, ಸಂತೆಯಲ್ಲಿ ಬಾಯಿಮಾತು, ಮೂರೂ ಕಡೆ ಒಂದೇ ಕತೆ ಇರಲಿ. ಕೆಲಸ ನಡೆಯುವ ಹೊತ್ತಿಗೇ ಹೇಳಿ. ಮಿಡಿ ಕಾಲದಲ್ಲಿ ಮಿಡಿ, ಮಳೆಗೆ ಮುಂಚೆ ಬೋರ್ಡೊ, ಆಲೆಮನೆ ಹಾಕಿದಾಗ ಜೋನಿಬೆಲ್ಲ. ವಿಡಿಯೊ ಮಾಡುವುದಾದರೆ ಮುಖಕ್ಕಿಂತ ಕೈ ತೋರಿಸಿ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ, ಕೆಲಸದ ಸದ್ದೇ ಚೆನ್ನ.

ಒಂದು ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ಇಲ್ಲದ್ದನ್ನು ಸೇರಿಸಬೇಡಿ. ಅಜ್ಜಿ ಉಪ್ಪಿನಕಾಯಿ ಹಾಕಿರದಿದ್ದರೆ ‘ಅಜ್ಜಿಯ ಕೈರುಚಿ’ ಬೇಡ. ಜೇನು, ಕಷಾಯದ ಪುಡಿ ಮಾರುವವರು ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಅಂತ ಬರೆಯುವಂತಿಲ್ಲ, ಆಹಾರ ಸುರಕ್ಷತೆಯ ನಿಯಮ ಅದನ್ನು ಬಿಡುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಬೇರೆಯವರ ಕತೆಯನ್ನು ಕೇಳದೆ ತೆಗೆದುಕೊಳ್ಳುವುದೂ ತಪ್ಪೇ. ಹಸೆ ಚಿತ್ತಾರ ಚೆಂದ ಕಾಣುತ್ತದೆ ಅಂತ ಪ್ಯಾಕೆಟ್ ಮೇಲೆ ಅಚ್ಚು ಹಾಕಿಸುವವರಿದ್ದಾರೆ. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಅದನ್ನು ಬರೆದವರು ಮಲೆನಾಡಿನ ದೀವರ ಸಮುದಾಯದ ಹೆಂಗಸರು. ಬಳಸುವುದಾದರೆ ಅವರಿಂದಲೇ ಬರೆಸಿ, ಕೂಲಿ ಕೊಡಿ, ಅವರು ಒಪ್ಪಿದರೆ ಹೆಸರೂ ಹಾಕಿ. ಮರ ಹತ್ತುವವರ ಫೋಟೊ ಹಾಕುವ ಮುಂಚೆಯೂ ಅವರನ್ನು ಕೇಳಿ.

ಕೊನೆಯದಾಗಿ, ಪ್ರತಿ ವರ್ಷ ಲೇಬಲ್ಲನ್ನು ಮತ್ತೊಮ್ಮೆ ಓದಿ, ನಿಜ ಬದಲಾಗಿದ್ದರೆ ತಿದ್ದಿ. ಮಾವಿನ ಮರ ಎಲ್ಲಾ ವರ್ಷ ಒಂದೇ ಸಮ ಬಿಡುವುದಿಲ್ಲ. ಒಂದು ವರ್ಷ ಹೊಳೆದಂಡೆ ಮರ ಕೈಕೊಟ್ಟಾಗ ಚಿಕ್ಕಮ್ಮ ಹಳೆ ಲೇಬಲ್ಲಿನ ಕಟ್ಟನ್ನು ಅಟ್ಟಕ್ಕೆ ಹಾಕಿ, ಹೊಸದಕ್ಕೆ ಮೊದಲ ಸಾಲನ್ನು ತಾವೇ ಹೇಳಿ ಬರೆಸಿದರು: “ಈ ಸಲ ಹೊಳೆದಂಡೆ ಮರ ಮಿಡಿ ಬಿಡಲಿಲ್ಲ. ಇದು ಹಿತ್ತಲಿನ ಕಸಿ ಮರದ್ದು.”