ಹೊಸ ಸ್ಯಾಂಡರ್ ಕೈಕೊಟ್ಟರೆ ಸ್ಕ್ರೂ ಮುಟ್ಟಬೇಡಿ

ಸಾಗುವಾನಿ ಬಾಗಿಲಿಗೆ ಪಾಲಿಶ್ ಹೊಡೆಯೋಣ ಅಂತ ತಂದ ಆರ್ಬಿಟಲ್ ಸ್ಯಾಂಡರ್ (ಮರ ಉಜ್ಜಿ ನಯ ಮಾಡೋ ಕರೆಂಟ್ ಯಂತ್ರ) ಹತ್ತೇ ನಿಮಿಷಕ್ಕೆ ಗರಗರ ಅಂದು ನಿಂತಿತು. ಅಂಗಡಿಗೆ ಹೋದರೆ, "ಸ್ಟಾಕೇ ಬರ್ತಿಲ್ಲ ಸಾರ್, ಬಂದಾಗ ಹೇಳ್ತೀವಿ."

ಮೊದಲು ಎಕ್ಸ್‌ಟೆನ್ಷನ್ ವೈರ್ ಬಿಟ್ಟು ನೇರ ಗೋಡೆ ಪ್ಲಗ್‌ಗೆ ಹಾಕಿ ನೋಡಿ. ತೆಳ್ಳನೆಯ ಉದ್ದ ವೈರಿನಲ್ಲಿ ವೋಲ್ಟೇಜ್ ಇಳಿದು ಮೋಟಾರ್ ಒದ್ದಾಡುತ್ತೆ. ಯಂತ್ರದ ಗಾಳಿ ಕಿಂಡಿಯಲ್ಲಿ ಕಾರ್ಬನ್ ಬ್ರಷ್ (ತಿರುಗೋ ಮೋಟಾರಿಗೆ ಕರೆಂಟ್ ಮುಟ್ಟಿಸೋ ತುಂಡು) ಹತ್ತಿರ ಸಣ್ಣ ನೀಲಿ ಕಿಡಿ ಕಂಡರೆ ಸಹಜ. ಸುತ್ತಲೂ ಕಿತ್ತಳೆ ಬಣ್ಣದ ಉರಿ, ಸುಟ್ಟ ವಾಸನೆ ಬಂದರೆ ತಕ್ಷಣ ಆಫ್ ಮಾಡಿ. ಬಿಚ್ಚೋಕೆ ಮಾತ್ರ ಹೋಗಬೇಡಿ, ವಾರಂಟಿ ಕಳ್ಕೊಳ್ತೀರಿ. (ನಾನು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆ, ಹೆಂಡತಿ ಕಿತ್ತುಕೊಂಡಳು.)

ಆ ಸದ್ದು, ಕಿಡಿ ಎರಡನ್ನೂ ವಿಡಿಯೊ ಮಾಡಿಕೊಳ್ಳಿ. ಬಿಲ್, ಸೀರಿಯಲ್ ನಂಬರ್ ಫೋಟೊ ಸೇರಿಸಿ ಬರಹದಲ್ಲೇ ದೂರು ಕೊಡಿ. ಬದಲಿ ಪೀಸ್ ಇಲ್ಲ ಅಂದರೆ ದುಡ್ಡು ವಾಪಸ್ ಕೇಳಿ. ಬಾಯಿಮಾತಿನ "ಸ್ವಲ್ಪ ಕಾಯಿರಿ"ಗೆ ಒಪ್ಪಬೇಡಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, 1915.

ಅಲ್ಲಿಯವರೆಗೆ ಚಪ್ಪಟೆ ಮರದ ತುಂಡಿಗೆ ಉಪ್ಪುಕಾಗದ ಸುತ್ತಿ 80, 120, 180 ನಂಬರ್ ಕ್ರಮದಲ್ಲಿ (ಒರಟಿನಿಂದ ನಯಕ್ಕೆ) ಉಜ್ಜಿ, ಮರದ ಎಳೆ ಹೋದ ದಿಕ್ಕಿನಲ್ಲೇ. ಅಡ್ಡ ಉಜ್ಜಿದರೆ ಪಾಲಿಶ್ ಬಿದ್ದಮೇಲೆ ಗೀರು ಎದ್ದು ಕಾಣುತ್ತೆ. ನನ್ನ ಬಾಗಿಲು ಎರಡು ಭಾನುವಾರ ತಿಂತು.