ಕಡಮತ್‌ನಲ್ಲಿ ನಮ್ಮ ಮೊದಲ ದಿನ

ಐದಾರು ದಿನ ತೋಟ ಬಿಟ್ಟು ಹೋಗುವುದೆಂದರೆ ನಮ್ಮ ಯಜಮಾನರಿಗೆ ಒಂದು ಮದುವೆಯ ಏರ್ಪಾಡಿನಷ್ಟು ತಲೆಬಿಸಿ. ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ, ತೆಂಗು. ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ತಪ್ಪುವ ಹಾಗಿಲ್ಲ. ಯಾವ ದಿನ ಯಾವ ಗೇಟ್‌ವಾಲ್ ತಿರುಗಿಸಬೇಕು ಅಂತ ಪಕ್ಕದ ಮನೆಯ ಹುಡುಗನಿಗೆ ಬರೆದುಕೊಟ್ಟರು. ಅದನ್ನೇ ಮೂರು ಸಲ ಬಾಯಲ್ಲಿ ಹೇಳಿದರು. ಕಾಸರಗೋಡಿನಲ್ಲಿ ರೈಲು ಹತ್ತಿದ ಮೇಲೆ ಇನ್ನೊಮ್ಮೆ ಫೋನ್.

ಕಡಮತ್ ಲಕ್ಷದ್ವೀಪದ ಒಂದು ದ್ವೀಪ. ಲಕ್ಷದ್ವೀಪಕ್ಕೆ ಸುಮ್ನೆ ಟಿಕೆಟ್ ತೆಗೆದು ಹೋಗಲಿಕ್ಕಾಗುವುದಿಲ್ಲ. ಪರ್ಮಿಟ್ ಬೇಕು. ಅದಕ್ಕೆ ಪೊಲೀಸ್ ಠಾಣೆಯ ಸರ್ಟಿಫಿಕೇಟ್, ಫೋಟೋ, ಓಡಾಟ. ಅದೆಲ್ಲ ಮಗಳು ನೋಡಿಕೊಂಡಳು. ನನಗೆ ತಮಾಷೆ ಅನಿಸಿದ್ದು ಬೇರೆ. ನಕ್ಷೆಯಲ್ಲಿ ಗೆರೆ ಎಳೆದರೆ ಕಾಸರಗೋಡಿನಿಂದ ಕಡಮತ್ ಸುಮಾರು 280 ಕಿಲೋಮೀಟರ್. ನಾವು ಹೋದದ್ದು ರೈಲಿನಲ್ಲಿ ಸುಮಾರು 370 ಕಿಲೋಮೀಟರ್ ಕೊಚ್ಚಿಗೆ, ಅಲ್ಲಿಂದ ಹಡಗಿನಲ್ಲಿ ಮತ್ತೆ ಸುಮಾರು 400 ಕಿಲೋಮೀಟರ್ ಸಮುದ್ರ.

ಹಡಗಿನಲ್ಲಿ ರಾತ್ರಿ ನಾನು ಎರಡು ಸಲ ವಾಂತಿ ಮಾಡಿದೆ. ಮಾತ್ರೆ ಹೊರಡುವ ಮೊದಲೇ ನುಂಗಬೇಕಿತ್ತು. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿ ಏನೂ ಪ್ರಯೋಜನ ಆಗಲಿಲ್ಲ. ಬೆಳಿಗ್ಗೆ ಹಡಗು ಸ್ವಲ್ಪ ಆಚೆಯೇ ನಿಂತಿತು. ಪಕ್ಕದ ಬಾಗಿಲಿನಿಂದ ನಮ್ಮನ್ನು ಚಿಕ್ಕ ಬೋಟಿಗೆ ಇಳಿಸಿದರು. ಬೋಟು ಅಲೆಯೊಟ್ಟಿಗೆ ಮೇಲೆ ಬಂದ ಆ ಒಂದು ಗಳಿಗೆಗೆ ಕಾಲಿಡಬೇಕು. ಇಬ್ಬರು ಹುಡುಗರು ನನ್ನ ರಟ್ಟೆ ಹಿಡಿದು ಅಕ್ಕಿಮೂಟೆಯ ಹಾಗೆ ದಾಟಿಸಿದರು. ನಾಚಿಕೆ ಪಡಲಿಕ್ಕೂ ಪುರುಸೊತ್ತಿರಲಿಲ್ಲ.

ದಡ ಸೇರಿದರೆ ಈಗ ನೆಲವೇ ಅಲುಗುತ್ತಿದೆ! ಸ್ನಾನದ ಕೋಣೆಯಲ್ಲಿ ಗೋಡೆ ಹಿಡಿದು ನಿಂತೆ. ಇವರಿಗೂ ಹಾಗೇ. ಹಡಗಿನ ತೂಗಾಟಕ್ಕೆ ಒಗ್ಗಿದ ಮೈಗೆ ನೆಲ ಹತ್ತಿದ್ದು ಗೊತ್ತಾಗಲು ಹೊತ್ತು ಬೇಕಂತೆ. ಅಷ್ಟರಲ್ಲಿ ಒಬ್ಬ ಹುಡುಗ ಬಂದು, ಹತ್ತು ಗಂಟೆಗೆ ಸ್ನಾರ್ಕೆಲಿಂಗ್, ಮಧ್ಯಾಹ್ನ ಕಯಾಕ್, ಸಂಜೆ ಗಾಜಿನ ತಳದ ಬೋಟ್ ಅಂತ ಪಟ್ಟಿ ಓದಿದ. ಇವರು ಹೂಂ ಅನ್ನುವ ಮೊದಲೇ ನಾನು "ಇವತ್ತು ಯಾವುದೂ ಬೇಡ, ನಾಳೆ ನೋಡುವ" ಅಂದೆ.

ಇದನ್ನು ನಾನು ಮನೆಯಿಂದಲೇ ತೀರ್ಮಾನಿಸಿ ಬಂದಿದ್ದೆ. ಹಿಂದೊಮ್ಮೆ ಊಟಿಗೆ ಹೋದಾಗ ಮೊದಲ ದಿನವೇ ಏಳು ಜಾಗ ನೋಡಿ, ಎರಡನೇ ದಿನ ಇಬ್ಬರೂ ಜ್ವರ ಬಂದು ಮಲಗಿದ್ದೆವು. ಏಳರಲ್ಲಿ ಒಂದರ ನೆನಪೂ ಸರಿಯಾಗಿ ಉಳಿದಿಲ್ಲ.

ಆದರೆ ಸುಮ್ಮನಿರುವುದು ಕೃಷಿಕನಿಗೆ ಸುಲಭವಲ್ಲ. ಅರ್ಧ ಗಂಟೆ ಕುರ್ಚಿಯಲ್ಲಿ ಕೂತರು. "ಈಗ ಎಂತ ಮಾಡುವುದು ಮಾರಾಯ್ತಿ?" ಅಂದರು. "ಎಂತದೂ ಇಲ್ಲ" ಅಂದೆ. ಎದ್ದು ತೆಂಗಿನ ಮರಗಳ ನಡುವೆ ಹೋದರು. ನಾನು ನಿದ್ದೆ ಮಾಡಿದೆ.

ಎದ್ದು ನೋಡಿದರೆ ಇವರು ಒಂದು ಮರದ ಬುಡದಲ್ಲಿ ಕೂತು, ಕೈಯಲ್ಲಿ ಬಿದ್ದ ಕಾಯಿ ಹಿಡಿದು ತಿರುಗಿಸುತ್ತಿದ್ದಾರೆ. ಮುಖದಲ್ಲಿ ದೊಡ್ಡ ಸಂತೋಷ. "ಇದು ನಮ್ಮ ಮನೆ ಹಿಂದಿನ ಚಂದ್ರಕಲ್ಪದ ಅಜ್ಜನ ಮನೆ ಗೊತ್ತುಂಟಾ?" ವಿಷಯ ಹೌದು. ಕಾಸರಗೋಡಿನ ತೆಂಗು-ಅಡಿಕೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು 1985ರಲ್ಲಿ ಬಿಡುಗಡೆ ಮಾಡಿದ ತೆಂಗಿನ ತಳಿ ಚಂದ್ರಕಲ್ಪ, ಲಕ್ಷದ್ವೀಪದ ಎತ್ತರದ ತಳಿಯಿಂದಲೇ ಆರಿಸಿ ತೆಗೆದದ್ದು. ಚಂದ್ರಲಕ್ಷ ಅನ್ನುವ ಮಿಶ್ರತಳಿಯ ತಾಯಿಯೂ ಅದೇ. ಇಲ್ಲಿ ಅದಕ್ಕೆ ಬರೀ ಹವಳದ ಮರಳು, ಆದರೂ ಗೊನೆ ತುಂಬಾ ಕಾಯಿ. ಕೆಳಗೆ ಬಿದ್ದ ಎಳೆಕಾಯಿಗಳಲ್ಲಿ ದುಂಡಗೆ ತೂತು. ಇಲಿ ಕೊರೆದದ್ದು. "ಇಲ್ಲಿಯೂ ಇದೇ ಗೋಳು" ಅಂತ ಇವರಿಗೆ ಇನ್ನಷ್ಟು ಖುಷಿ! ಆಮೇಲೆ ಗೇಟ್‌ವಾಲ್ ವಿಷಯ ಎರಡು ಗಂಟೆ ಬರಲಿಲ್ಲ.

ಮಧ್ಯಾಹ್ನ ಅನ್ನ, ಚೂರ (ಟ್ಯೂನಾ) ಮೀನಿನ ಸಾರು, ತೆಂಗಿನೆಣ್ಣೆಯಲ್ಲಿ ಹುರಿದ ತುಂಡು. ಇಲ್ಲಿ ಚೂರವನ್ನು ಕೋಲಿಗೆ ಗಾಳ ಕಟ್ಟಿ ಒಂದೊಂದಾಗಿ ಎಳೆಯುತ್ತಾರೆ. ತುಂಡು ಗಟ್ಟಿ, ಮಾಂಸದ ಹಾಗೆ. ನನಗೆ ನಮ್ಮ ಬಂಗುಡೆಯೇ ಇಷ್ಟ, ಇದನ್ನು ಮುಚ್ಚಿಡುವುದಿಲ್ಲ. ಜೊತೆಗೆ ಕೊಟ್ಟ ದ್ವೀಪದ ಬೆಲ್ಲ ಮಾತ್ರ ಮರೆಯುವ ಹಾಗಿಲ್ಲ. ತೆಂಗಿನ ನೀರಾ ಕಾಯಿಸಿ ಮಾಡಿದ್ದು, ನಮ್ಮ ಜೋನಿ ಬೆಲ್ಲದಂತೆ ಹರಿಯುತ್ತದೆ.

ಬಡಿಸುತ್ತಿದ್ದ ಇಕ್ಕನೊಟ್ಟಿಗೆ (ಇಕ್ಕ ಅಂದರೆ ಅಣ್ಣ) ಮಲೆಯಾಳದಲ್ಲಿ ಮಾತಾಡಿದೆವು. ಅರ್ಧ ಅರ್ಥವಾಯಿತು. ಅವರದ್ದು ಜೆಸೆರಿ, ದ್ವೀಪದವರ ಮಲೆಯಾಳ. ಪೆಣ್ಣು ಅನ್ನುವಲ್ಲಿ ಫೆಣ್ಣ್ ಅಂತಾರೆ. ನಮ್ಮ ಹಳಗನ್ನಡದ ಪಾಲು ಹಾಲಾಯಿತಲ್ವಾ, ಅದರ ನಡುದಾರಿಯಲ್ಲಿ ನಿಂತ ಹಾಗೆ ಕೇಳಿತು ನನಗೆ. ಕಾಸರಗೋಡಿನವರು ಅಂದಾಗ ಅವರು "ಮಂಗಳೂರು ಹತ್ತಿರ ಅಲ್ಲವಾ?" ಅಂದರು. ಇವರು ಕೈ ತೊಳೆಯುವುದನ್ನೂ ಮರೆತು ಶುರು ಮಾಡಿದರು. 1956ರ ನವೆಂಬರ್ 1ರವರೆಗೆ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆ, ಕಡಮತ್, ಅಮಿನಿ, ಕಿಲ್ತಾನ್ ಎಲ್ಲ ಅದೇ ಜಿಲ್ಲೆ. ಒಬ್ಬನೇ ಕಲೆಕ್ಟರ್, ಮಂಗಳೂರಲ್ಲಿ. ಒಂದೇ ದಿನ ನಾವು ಕೇರಳಕ್ಕೆ, ನೀವು ಕೇಂದ್ರಕ್ಕೆ. "ಹಾಗಾದರೆ ನಾವು ಒಂದೇ ಮನೆಯವರು" ಅಂತ ಇಕ್ಕ ಇನ್ನೊಂದು ತುಂಡು ಮೀನು ಹಾಕಿದರು.

ಬಿಸಿಲು ಇಳಿದ ಮೇಲೆ ಪಡುವಣ ಬದಿಯ ನೀರಿಗೆ ಇಳಿದೆವು. ಹವಳದ ದಂಡೆ ಹೊರಗಿನ ಅಲೆಯನ್ನೆಲ್ಲ ತಡೆಯುತ್ತದೆ, ಹಾಗಾಗಿ ಒಳಗೆ ಮದಕದ ಹಾಗೆ ನಿಂತ ನೀರು. ಕುಂಬಳೆಯ ಕಡಲಿಗೆ ಮೊಣಕಾಲಿನಷ್ಟೂ ಇಳಿಯದ ನಾನು ಇಲ್ಲಿ ಎದೆಯವರೆಗೆ ಹೋದೆ. ಕಾಲಿಗೆ ಹಳೆ ಕ್ಯಾನ್ವಾಸ್ ಶೂ ಹಾಕಿದ್ದು ಒಳ್ಳೆಯದಾಯಿತು. ಹವಳದ ಚೂರು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಮರಳಿನ ಮೇಲೆ ಕಪ್ಪಗೆ ಬಿದ್ದದ್ದನ್ನು ಸೌತೆಕಾಯಿ ಅಂದುಕೊಂಡು ಇವರು ಬಗ್ಗಿದರು. ಅದು ಜೀವ ಇರುವ ಸಮುದ್ರ ಸೌತೆಯೇ, ಮುಟ್ಟಬೇಡಿ ಅಂತ ದಡದಲ್ಲಿದ್ದವರು ಕೂಗಿದರು. ಹುಲಿಗೆ ಇರುವಂಥದ್ದೇ ಕಾನೂನಿನ ರಕ್ಷಣೆ ಅದಕ್ಕೂ ಉಂಟು. ಹವಳ ಕೂಡ ತರುವಂತಿಲ್ಲ.

ಮತ್ತೆ ಎಷ್ಟು ಹೊತ್ತು ಹಾಗೆ ನೀರಲ್ಲಿ ಕೂತಿದ್ದೆವೋ. ಬೆರಳೆಲ್ಲ ಸುಕ್ಕಾಗಿತ್ತು. ಸೂರ್ಯ ಮುಳುಗಿದ್ದನ್ನು ನೋಡಿದೆವು, ಫೋಟೋ ತೆಗೆಯಲಿಲ್ಲ. ಫೋನ್ ಕೋಣೆಯಲ್ಲಿತ್ತು.

ರಾತ್ರಿ ಊಟವಾಗಿ ದಡಕ್ಕೆ ಹೊರಟಾಗ ನಾನು ಅಭ್ಯಾಸದಂತೆ ಬ್ಯಾಟರಿ ಹುಡುಕಿದೆ. "ಯಾಕೆ?" ಅಂದರು ಇಕ್ಕ. ಹಾವು ಅಂದೆ. ಇಲ್ಲಿ ಹಾವೂ ಇಲ್ಲ, ನಾಯಿಯೂ ಇಲ್ಲ ಅಂತ ನಕ್ಕರು. ಬ್ಯಾಟರಿ ಬಿಟ್ಟು ಹೊರಟೆವು. ತೆಂಗಿನಡಿಯ ಕತ್ತಲಲ್ಲಿ ಸ್ವಲ್ಪ ದೂರ ಹೋದ ಮೇಲೆ ಗಮನಿಸಿದೆ, ತೋಟದಲ್ಲಿ ನಡೆಯುವ ಹಾಗೆಯೇ ಇಬ್ಬರೂ ಧಡಧಡ ಕಾಲು ಬಡಿದು ನಡೆಯುತ್ತಿದ್ದೆವು.